ಅತ್ತೆ ಕುಡಿ ಏಳು

ಸೊಸೆಗೆ ಚೀಟಿ ಬರೆಯುವ ಹುಚ್ಚು. ಹುಚ್ಚು ಎಂದದ್ದು ಗಂಡ. ಅವಳ ಪ್ರಕಾರ ಅದು ಶಿಸ್ತು. ಅಡುಗೆಮನೆಯ ಡಬ್ಬಿಗಳ ಮೇಲೆ ‘ಸಕ್ಕರೆ’, ‘ಉಪ್ಪು’, ‘ಇದೂ ಉಪ್ಪೇ’. ಮುಂಬಾಗಿಲ ಒಳಮೈಯಲ್ಲಿ ‘ಬೀಗ?’ ಎಂಬ ಒಂದೇ ಪದ. ಗಂಡ ಬೀಗ ರಿಪೇರಿಯವನು. ಊರವರ ಬೀಗಗಳನ್ನೆಲ್ಲ ಸರಿಮಾಡಿ ತನ್ನ ಮನೆಗೆ ಬೀಗ ಹಾಕುವುದನ್ನು ಮರೆಯುತ್ತಿದ್ದ.

ಅವಳು ಬೆಳಿಗ್ಗೆ ಆರೂವರೆಗೆ ಕೆಲಸಕ್ಕೆ ಹೊರಡುತ್ತಿದ್ದಳು, ಅತ್ತೆ ಏಳುತ್ತಿದ್ದುದು ಏಳೂವರೆಗೆ. ಹೀಗಾಗಿ ಇಪ್ಪತ್ತೆರಡು ವರ್ಷಗಳಿಂದ ಅತ್ತೆ ಸೊಸೆಯರ ಅರ್ಧ ಮಾತುಕತೆ ಚೀಟಿಯಲ್ಲೇ ನಡೆದಿತ್ತು. ‘ಅತ್ತೆ, ಹಾಲು ಕಾಯಿಸಿಟ್ಟಿದ್ದೇನೆ, ಕುಡಿಯಿರಿ.’ ‘ಅತ್ತೆ, ಮಾತ್ರೆ ನುಂಗಿ, ಮರೆಯಬೇಡಿ.’ ಎಲ್ಲ ಚೀಟಿಯಲ್ಲೂ ಬಹುವಚನ, ಎಲ್ಲ ಚೀಟಿಯ ಕೊನೆಗೂ ಪೂರ್ಣವಿರಾಮ. ಅವಳು ಬೆಳೆದ ಮನೆಯಲ್ಲಿ ಪ್ರೀತಿ ಇದ್ದವರಿಗೆ ಮರ್ಯಾದೆ ಕೊಡುತ್ತಿದ್ದರು, ಮರ್ಯಾದೆ ಕೊಟ್ಟರೆ ಪ್ರೀತಿಯ ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳುತ್ತಿದ್ದರು. ಅತ್ತೆಯ ಸ್ವಂತ ಹೆಣ್ಣುಮಕ್ಕಳಿಬ್ಬರು ಮಾತ್ರ ಬೇರೆ ಊರುಗಳಿಂದ ಫೋನು ಮಾಡಿ ‘ಅಮ್ಮಾ, ನೀನು ಸುಮ್ನಿರು, ನಿನಗೇನೂ ಗೊತ್ತಾಗಲ್ಲ’ ಎಂದು ಗದರುತ್ತಿದ್ದರು. ಆ ಬೈಗುಳ ಕೇಳಿಸಿಕೊಂಡ ದಿನ ಅತ್ತೆಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು. ಸೊಸೆ ಇದನ್ನು ನೋಡಿದ್ದಳು, ಅರ್ಥ ಮಾಡಿಕೊಂಡಿರಲಿಲ್ಲ. ಒಮ್ಮೆ ಅತ್ತೆ, ನಿನ್ನ ಚೀಟಿ ಓದಿದರೆ ಅಂಚೆ ಕಚೇರಿಯ ನೋಟೀಸು ಓದಿದ ಹಾಗಾಗುತ್ತದೆ ಎಂದಿದ್ದರು. ಅಕ್ಷರ ಸ್ಫುಟವಾಗಿದೆ ಎಂದು ಹೊಗಳಿದರೆಂದು ಸೊಸೆ ಹಿಗ್ಗಿದ್ದಳು.

ಈ ಮನೆಯ ಹಿತ್ತಿಲಲ್ಲಿ ಒಂದು ರಾಸ್ಪ್‌ಬೆರಿ ಪೊದೆ ಇತ್ತು. ಅತ್ತೆ ಮದುವೆಯಾಗಿ ಬರುವಾಗ ತವರಿನ ಹಿತ್ತಿಲಿನಿಂದ, ಬೇರಿನಿಂದೆದ್ದ ಮರಿಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಈಗ ಆ ತವರಿಲ್ಲ, ಆ ಹಿತ್ತಿಲ ಮೇಲೆ ಬಸ್ ಡಿಪೋ ನಿಂತಿದೆ. ಪೊದೆಯ ಜಾತಿಗೆ ಹೆಸರೂ ಇರಲಿಲ್ಲ. ಹಣ್ಣು ಕಪ್ಪುಗೆಂಪು, ಮೊದಲು ಹುಳಿ, ಆಮೇಲೆ ಸಿಹಿ, ಕೊನೆಗೆ ಮತ್ತೆ ಸ್ವಲ್ಪ ಹುಳಿ. ಇಂಥದ್ದು ಬೇರೆಲ್ಲೂ ಇಲ್ಲವೆಂದು ಅತ್ತೆಯ ವಾದ. ಆದರೆ ನಾಲ್ಕೈದು ವರ್ಷಗಳಿಂದ ಅದಕ್ಕೆ ಏನೋ ಆಗಿತ್ತು. ರಾಸ್ಪ್‌ಬೆರಿ ಎಂದರೆ ಸಣ್ಣ ಸಣ್ಣ ಮಣಿಗಳ ಗೊಂಚಲು, ಚೆನ್ನಾಗಿದ್ದರೆ ತೊಟ್ಟಿನಿಂದ ಟೋಪಿಯ ಹಾಗೆ ಇಡಿಯಾಗಿ ಕಳಚಿ ಬರಬೇಕು. ಇದು ಮುಟ್ಟಿದ ಕೂಡಲೇ ಮಣಿ ಮಣಿಯಾಗಿ ಉದುರಿ ಅಂಗೈಯಲ್ಲಿ ಪುಡಿಯಾಗುತ್ತಿತ್ತು. ಅತ್ತೆ ಮಣ್ಣನ್ನು ಬೈದರು, ಪಕ್ಕದ ಮನೆಯವಳ ಕಣ್ಣನ್ನು ಬೈದರು, ನೀರು ಹಾಕುವ ಮಗನನ್ನಂತೂ ದಿನಕ್ಕೆರಡು ಸಲ ಬೈದರು. ಸೊಸೆ ಸುಮ್ಮನೆ ಒಂದು ಎಲೆ ಕಿತ್ತು ಕೆಲಸದ ಜಾಗಕ್ಕೆ ಒಯ್ದಳು.

ಅವಳ ಕೆಲಸ ಒಂದು ಸಸ್ಯಾಗಾರದ ಹಿಂಭಾಗದ ಲ್ಯಾಬಿನಲ್ಲಿ. ಹೊರಗಿನ ಬೋರ್ಡಿನಲ್ಲಿ ‘ಅಂಗಾಂಶ ಕೃಷಿ’ ಎಂದಿತ್ತು; ಒಳಗಿನವರೆಲ್ಲ ಟಿಶ್ಯೂ ಕಲ್ಚರ್ ಎನ್ನುತ್ತಿದ್ದರು. ಮುಖ್ಯಸ್ಥರಿಗೆ ‘ಸೊನ್ನೆ ಸರ್’ ಎಂದು ಅಡ್ಡಹೆಸರು, ಏಕೆಂದರೆ ವೈರಸ್ ಪರೀಕ್ಷೆಯಲ್ಲಿ ಸೊನ್ನೆ ಬಿಟ್ಟು ಬೇರೆ ಯಾವ ಅಂಕಿಯನ್ನೂ ಅವರು ಒಪ್ಪುತ್ತಿರಲಿಲ್ಲ. ಎಲೆಯನ್ನು ಅರೆದು ನೋಡಿ, ಗಿಡಕ್ಕೆ ವೈರಸ್ ಬಡಿದಿದೆ, ಹಣ್ಣು ಪುಡಿಯಾಗುವುದು ಅದರಿಂದಲೇ ಎಂದರು. ಸೊಸೆ ಒಂದು ರ‍್ಯಾಕಿನ ಜಾಗ ಕೇಳಿದಳು. ಅವರು ಗೊಣಗಿ ಕೊಟ್ಟರು.

ವೈರಸ್ಸು ಒಮ್ಮೆ ಹೊಕ್ಕ ಗಿಡಕ್ಕೆ ಔಷಧಿಯಿಲ್ಲ. ಬೇರು, ಕಾಂಡ, ಎಲೆ ಎಲ್ಲೆಲ್ಲೂ ಅದರದೇ ದರ್ಬಾರು. ಆದರೆ ಚಿಗುರಿನ ತುತ್ತತುದಿಯಲ್ಲಿ ಅರ್ಧ ಮಿಲಿಮೀಟರಿನಷ್ಟು ಜಾಗವಿದೆ. ಅದು ಈಗಷ್ಟೇ ಹುಟ್ಟುತ್ತಿರುವ ಬಡಾವಣೆ, ಇನ್ನೂ ರಸ್ತೆಯಾಗಿಲ್ಲ. ರಸ್ತೆಯಿಲ್ಲದ ಕಡೆಗೆ ವೈರಸ್ಸೂ ಸುಲಭಕ್ಕೆ ಹೋಗುವುದಿಲ್ಲ. ಗಿಡವನ್ನು ತಿಂಗಳುಗಟ್ಟಲೆ ಬಿಸಿ ಕೋಣೆಯಲ್ಲಿಟ್ಟು ವೈರಸ್ಸಿಗೆ ಸುಸ್ತು ಮಾಡಿ, ರಸ್ತೆ ಬೀಳುವ ಮೊದಲೇ ಆ ತುದಿಯನ್ನು ಕತ್ತರಿಸಿ, ಗಾಜಿನ ಟ್ಯೂಬಿನಲ್ಲಿ ಸಕ್ಕರೆ ನೀರಿನ ಜೆಲ್ಲಿ ಕೊಟ್ಟು ಸಾಕಬೇಕು. ಮೈಕ್ರೋಸ್ಕೋಪಿನ ಕೆಳಗೆ ಆ ಕೆಲಸ ಮಾಡುವಾಗ ಸೊಸೆ ಉಸಿರನ್ನೂ ಅಳೆದು ಬಿಡುತ್ತಿದ್ದಳು. ಒಮ್ಮೆ ಸೀನಿದರೆ ಒಂದು ವಂಶವೇ ಹಾರಿಹೋದೀತು.

ಆ ತುದಿಗೆ ಲ್ಯಾಬಿನಲ್ಲಿ ‘ಕುಡಿ’ ಎನ್ನುತ್ತಿದ್ದರು. ಮೊದಲು ‘ಟಿಪ್’ ಎಂದೇ ಬರೆಯುತ್ತಿದ್ದರು. ಹೋಟೆಲಿನ ನೆನಪಾಗುತ್ತದೆ ಎಂದು ಸೊನ್ನೆ ಸರ್ ಅದನ್ನು ನಿಲ್ಲಿಸಿದರು. ಇನ್ನೊಂದು ಕಟ್ಟಳೆಯೂ ಇತ್ತು. ಹಿಂದೊಮ್ಮೆ ಯಾರೋ ಅವಸರದಲ್ಲಿ ಬರೆದ 1 ಇನ್ಯಾರಿಗೋ 7 ಆಗಿ ಕಂಡು, ಹಳದಿ ಹಣ್ಣು ಬೇಕೆಂದ ತೋಟದವನ ಹೊಲದ ತುಂಬ ಕೆಂಪು ಹಣ್ಣು ಬಿಟ್ಟಿತ್ತು. ಅಂದಿನಿಂದ ಲೇಬಲ್ಲಿನಲ್ಲಿ ಅಂಕಿ ನಿಷೇಧ. ಸಂಖ್ಯೆಯನ್ನು ಅಕ್ಷರದಲ್ಲೇ ಬರೆಯಬೇಕು. ಮೊದಲು ಜಾತಿಯ ಹೆಸರು, ಆಮೇಲೆ ‘ಕುಡಿ’, ಆಮೇಲೆ ಸಂಖ್ಯೆ. ಹೆಸರಿಲ್ಲದ ಈ ಜಾತಿಗೆ ಏನು ಬರೆಯುವುದು? ಗಿಡ ಅತ್ತೆಯದು, ಸೊಸೆ ‘ಅತ್ತೆ’ ಎಂದೇ ಬರೆದಳು.

ಪೊದೆಯ ಮರಿಯೊಂದನ್ನು ಕುಂಡದಲ್ಲಿ ಒಯ್ದು ಬಿಸಿ ಕೋಣೆಯಲ್ಲಿಟ್ಟು, ಅದರಿಂದ ಇಪ್ಪತ್ನಾಲ್ಕು ಕುಡಿ ಕತ್ತರಿಸಿದಳು. ಹನ್ನೊಂದು ಕಪ್ಪಾಗಿ ಸತ್ತವು, ಒಂಬತ್ತಕ್ಕೆ ಬೂಷ್ಟು ಹಿಡಿಯಿತು. ಉಳಿದ ನಾಲ್ಕರಲ್ಲಿ ಮೂರಕ್ಕೆ ಪರೀಕ್ಷೆಯಲ್ಲಿ ವೈರಸ್ ಹಾಗೇ ಇತ್ತು. ಏಳನೆಯದೊಂದು ಸೊನ್ನೆ ತೋರಿಸಿತು. ಜೆಲ್ಲಿಯಲ್ಲಿ ಕಂದು ರಸ ಬಿಟ್ಟು ಸೊರಗುತ್ತಿದ್ದ ಅದನ್ನು ಸೊಸೆ ಬೇರೆ ಟ್ಯೂಬಿಗೆ ಬದಲಿಸಿ, ಹತ್ತು ಎಂಎಲ್ ದ್ರವದ ಮೇಲೆ ಮಡಿಸಿದ ಕಾಗದದ ಸೇತುವೆ ಕಟ್ಟಿ ಕೂರಿಸಿದ್ದಳು. ಅದು ಹೆಬ್ಬೆರಳ ಉಗುರಿನಷ್ಟು ಬೆಳೆದು ಐದು ಎಲೆ ಬಿಟ್ಟು ನಿಂತಿತ್ತು.

ಇಲ್ಲಿ ಸೊಸೆ ಒಂದು ತಪ್ಪು ಮಾಡಿದಳು. ಸೊನ್ನೆ ಸರ್ ಮೂರು ಸಲ ಸೊನ್ನೆ ಬರಲಿ ಎಂದಿದ್ದರು. ಇವಳು ಒಂದೇ ಸೊನ್ನೆಗೆ ಕುಣಿದಾಡಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದಳು. ಈ ವೈರಸ್ಸು ಹೂವಿನ ಪರಾಗದಲ್ಲಿ ಪಯಣಿಸುತ್ತದೆ, ಹಳೆಯ ಪೊದೆ ಹೂ ಬಿಟ್ಟರೆ ಹೊಸ ಗಿಡಕ್ಕೂ ಅಂಟುತ್ತದೆ ಎಂದು ಅತ್ತೆಯನ್ನು ಒಪ್ಪಿಸಿ, ಪೊದೆಯನ್ನು ಬೇರುಸಹಿತ ಅಗೆಸಿ ಸುಟ್ಟುಬಿಟ್ಟಳು. ಲ್ಯಾಬಿನ ಕುಂಡದ ಮರಿಯನ್ನೂ ವೈರಸ್ಸಿದ್ದ ಮೂರು ಟ್ಯೂಬುಗಳನ್ನೂ ಬೇಯಿಸಿ ಎಸೆದಳು. ಅತ್ತೆ ಬೂದಿ ಆರುವವರೆಗೂ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದು ಒಳಗೆ ಹೋಗಿ ಮಲಗಿದರು. ಮಾರನೆಯ ದಿನ ಮೈ ಬೆಚ್ಚಗಿದೆ ಎಂದರು. ಅದರ ಮಾರನೆಯ ದಿನ ಸೊಂಟ ಎಂದರು. ವಾರವಾದರೂ ಹಾಸಿಗೆ ಬಿಡಲಿಲ್ಲ. ಡಾಕ್ಟರು ಬಂದು ನೋಡಿ ಏನೂ ಇಲ್ಲ ಎಂದು ಹೋದರು. ಏನೂ ಇಲ್ಲದ್ದಕ್ಕೆ ಅವರಲ್ಲೂ ಔಷಧಿ ಇರಲಿಲ್ಲ. ಸೊಸೆ ದಿನವೂ ಟ್ಯೂಬಿನ ಎಲೆ ಎಣಿಸುತ್ತಿದ್ದಳು. ಆ ಐದೆಲೆಯ ಗಿಡ ಒಂದು ಹೋದರೆ ಅತ್ತೆಯ ತವರೂ ಹೋಯಿತು, ಹೋಗಿಸಿದವಳು ತಾನು.

ಅದೇ ವಾರದ ಕೊನೆಗೆ ಲ್ಯಾಬಿನ ತಂಪು ಯಂತ್ರ ಕೆಟ್ಟು ಟ್ಯೂಬಿನ ಗಿಡ ಬೆಳೆಸುವ ಕೋಣೆ ಕಾಯತೊಡಗಿತು. ಮುಖ್ಯವಾದದ್ದನ್ನು ಮನೆಗೆ ಒಯ್ಯಿರಿ ಎಂದರು ಸೊನ್ನೆ ಸರ್. ಸೊಸೆ ಏಳನೆಯದನ್ನು ಕನ್ನಡಕದ ಪೆಟ್ಟಿಗೆಯಲ್ಲಿ ಹತ್ತಿಯಿಟ್ಟು ತಂದಳು. ಮನೆಯಲ್ಲಿ ಬೆಳಕೂ ತಂಪೂ ಒಟ್ಟಿಗಿದ್ದ ಜಾಗ ಒಂದೇ, ಅತ್ತೆಯ ಮಂಚದ ಪಕ್ಕದ ಕಿಟಕಿ. ಅತ್ತೆ ನಿದ್ದೆಯಲ್ಲಿದ್ದರು. ನೀರಿನ ಲೋಟ, ಮಾತ್ರೆಯ ಪಟ್ಟಿ, ಕೆಮ್ಮಿನ ಟಾನಿಕ್ಕಿನ ಪಕ್ಕದಲ್ಲಿ ಟ್ಯೂಬನ್ನು ಒಂದು ಬಟ್ಟಲಿಗೆ ಒರಗಿಸಿಟ್ಟಳು. ಬೆಳಿಗ್ಗೆ ಯಂತ್ರ ರಿಪೇರಿಗೆ ಕೈಜೋಡಿಸಲು ಬೇಗ ಓಡಬೇಕಿತ್ತು. ಉಪ್ಪಿನ ಡಬ್ಬಿಗೂ ಚೀಟಿ ಅಂಟಿಸುವವಳು ಅಂದು ‘ಮುಟ್ಟಬೇಡಿ’ ಎಂಬ ಒಂದು ಚೀಟಿ ಅಂಟಿಸಲು ಮರೆತಳು.

ಸಂಜೆ ಮನೆಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿ ನಿಂತಿದ್ದರು. ತಲೆ ಬಾಚಿತ್ತು. ‘ಇದೂ ಉಪ್ಪೇ’ ಡಬ್ಬಿಯನ್ನು ಕೆಳಗಿಳಿಸಿ ಒರೆಸುತ್ತಿದ್ದರು. ಸೊಸೆಗೆ ಸಂತೋಷವಾಯಿತು. ಯಾವಾಗ ಎದ್ದಿರಿ ಎಂದು ಕೇಳಿದಳು.

“ನೀನು ಏಳು ಅಂದೆ, ಎದ್ದೆ,” ಎಂದರು ಅತ್ತೆ.

ಸೊಸೆಗೆ ತಲೆಬುಡ ತಿಳಿಯಲಿಲ್ಲ. ಅತ್ತೆ ಒರೆಸುತ್ತಲೇ ಹೇಳಿದರು. ಬೆಳಿಗ್ಗೆ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಸಣ್ಣ ಸೀಸೆ ಕಂಡಿತಂತೆ. ಕನ್ನಡಕ ಹಾಕಿಕೊಂಡು ಚೀಟಿ ಓದಿದರಂತೆ. ಸೊಸೆಯ ಅಕ್ಷರವೇ. ಅತ್ತೆ, ಕುಡಿ, ಏಳು.

“ಇಪ್ಪತ್ತೆರಡು ವರ್ಷದಿಂದ ಕುಡಿಯಿರಿ, ನುಂಗಿ, ಮರೆಯಬೇಡಿ ಅಂತ ನೋಟೀಸು ಕೊಡ್ತಿದ್ದೆ,” ಎಂದರು. “ಇವತ್ತು ಮೊದಲ್ನೇ ಸಲ ಮಗಳ ಹಾಗೆ ಕುಡಿ ಅಂದೆ, ಏಳು ಅಂದೆ. ವಿಷ ಆಗಿದ್ರೂ ಕುಡೀತಿದ್ದೆ ನೋಡು. ಒಂದು ಹನಿ ಬಿಟ್ಟಿಲ್ಲ.”

ಸೊಸೆಗೆ ಮೊದಲು ಬಂದದ್ದು ಅತ್ತೆಯ ಹೊಟ್ಟೆಯ ಯೋಚನೆ. ಸಕ್ಕರೆ, ಲವಣ, ಚಿಗುರೊಡೆಸುವ ಹಾರ್ಮೋನು ಸಾಸಿವೆಯ ಸಾವಿರದಲ್ಲೊಂದು ಪಾಲು, ಎಲ್ಲ ಸೇರಿ ಎರಡು ಚಮಚವೂ ಇಲ್ಲ, ಏನೂ ಆಗದು. ಆಮೇಲೆ ಬಂದದ್ದು ಗಿಡದ ಯೋಚನೆ.

“ಅದರೊಳಗೆ ಎಲೆ ಇತ್ತಲ್ಲ ಅತ್ತೆ?”

“ಚಿಗುರಾ? ಪರಿಮಳಕ್ಕೆ ಹಾಕಿದೀಯ ಅಂದ್ಕೊಂಡೆ. ತುದಿ ಎಳೇದಿತ್ತು, ಚಿವುಟಿ ಬಾಯಿಗೆ ಹಾಕ್ಕೊಂಡೆ. ಬುಡ ಬಲಿತಿತ್ತು, ಬಿಟ್ಟೆ. ಸೀಸೆ ಬಿಸಾಕಿದ್ರೆ ನೀನು ಮುಖ ಊದಿಸ್ಕೋತೀಯ ಅಂತ ಮುಚ್ಚಳ ಹಾಕಿ ಅಲ್ಲೇ ಇಟ್ಟಿದೀನಿ.”

ಹೇಳಿಬಿಡಬೇಕೆಂದು ಸೊಸೆ ಬಾಯಿ ತೆರೆದಳು. ಅತ್ತೆ, ಅದು ನಿಮಗೆ ಬರೆದದ್ದಲ್ಲ, ನೀವು ತಿಂದದ್ದು ನಿಮ್ಮ ತವರು. ಅತ್ತೆಯ ಮುಖ ನೋಡಿದಳು. ಆ ಮುಖದಲ್ಲಿದ್ದ ಬೆಳಕನ್ನು ಊದಿ ಆರಿಸಲು ಅವಳಿಂದಾಗಲಿಲ್ಲ. ಬಾಯಿ ಮುಚ್ಚಿದಳು. ಟ್ಯೂಬನ್ನು ಕನ್ನಡಕದ ಪೆಟ್ಟಿಗೆಗೆ ಹಾಕಿ, ಏನೋ ಮರೆತೆ ಎಂದು ಸುಳ್ಳು ಹೇಳಿ ಲ್ಯಾಬಿಗೆ ಓಡಿದಳು.

ಸೊನ್ನೆ ಸರ್ ತಂಪು ಯಂತ್ರದ ಪಕ್ಕ ನೆಲದ ಮೇಲೆ ಕೂತು ಸ್ಕ್ರೂಗಳನ್ನು ಎಣಿಸುತ್ತಿದ್ದರು. ಸೊಸೆ ನಡೆದದ್ದನ್ನೆಲ್ಲ ಹೇಳಿದಳು; ಹೇಳುತ್ತ ಹೇಳುತ್ತ ಅತ್ತಳು. ಅವರು ಟ್ಯೂಬನ್ನು ಬೆಳಕಿಗೆ ಹಿಡಿದರು. ಒದ್ದೆ ಕಾಗದದ ಮೇಲೆ ಅರ್ಧ ಇಂಚೂ ಇಲ್ಲದ ಮೊಂಡು ಕಾಂಡ, ಬುಡದಲ್ಲಿ ಎರಡೆಲೆ.

“ಕುಡಿ ಚಿವುಟಿದ್ದಾರೆ,” ಎಂದರು. “ನಾವೂ ಮುಂದಿನ ವಾರ ಅದನ್ನೇ ಮಾಡೋರಿದ್ವಿ. ತುದಿ ಇರೋವರೆಗೆ ಪಕ್ಕದ ಮೊಗ್ಗು ಏಳಲ್ಲ. ಆದ್ರೆ ನಾವು ಕೈ ತೊಳ್ಕೊಂಡು ಮಾಡ್ತಿದ್ವಿ, ಅಷ್ಟೇ ವ್ಯತ್ಯಾಸ.”

ಆ ವ್ಯತ್ಯಾಸವೇ ಭಯದ್ದು. ಅತ್ತೆಯ ಬೆರಳು ತಾಗಿದ ಕಾಂಡಕ್ಕೆ ಇನ್ನೆರಡು ದಿನದಲ್ಲಿ ಬೂಷ್ಟು ಬರುವುದು ಖಂಡಿತ. ಅದನ್ನು ತೊಳೆಯುವ ದ್ರಾವಣ ಸ್ವಲ್ಪ ಖಾರವಾದರೆ ಕಾಂಡ ಸಾಯುತ್ತದೆ, ಸ್ವಲ್ಪ ಸಪ್ಪೆಯಾದರೆ ಬೂಷ್ಟು ಉಳಿಯುತ್ತದೆ. ಸೊಸೆ ಚಿಮುಟ ಹಿಡಿದು ಅದ್ದಿದಳು, ಗಡಿಯಾರ ನೋಡಿದಳು, ಮೂರು ಸಲ ಶುದ್ಧ ನೀರಲ್ಲಿ ಜಾಲಿಸಿದಳು, ಹೊಸ ಟ್ಯೂಬಿನಲ್ಲಿ ಕೂರಿಸಿದಳು. ಚೀಟಿ ಬರೆಯುವಾಗ ಕೈ ಒಂದು ಕ್ಷಣ ತಡೆಯಿತು. ಕಟ್ಟಳೆ ಕಟ್ಟಳೆಯೇ. ‘ಅತ್ತೆ ಕುಡಿ ಏಳು’ ಎಂದೇ ಬರೆದಳು.

ಮನೆಯಲ್ಲಿ ಬೇರೊಂದು ಪರೀಕ್ಷೆ ಕಾದಿತ್ತು. ಏಕವಚನದ ರುಚಿ ಹತ್ತಿದ ಅತ್ತೆಗೆ ಇನ್ನು ಬಹುವಚನ ಬಡಿಸುವುದು ಹೇಗೆ? ಬಡಿಸಿದರೆ ಗುಟ್ಟು ರಟ್ಟಾಗುತ್ತದೆ. ಮರುದಿನ ಊಟಕ್ಕೆ ಕರೆಯಲು ಹೋಗಿ ಸೊಸೆ ಬಾಗಿಲಲ್ಲಿ ನಿಂತು, “ಅತ್ತೆ, ಊಟ...” ಎಂದು ತಡವರಿಸಿ, ಗಂಟಲು ಸರಿಮಾಡಿಕೊಂಡು, “ಮಾಡು” ಎಂದಳು. ಗಂಡನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅತ್ತೆ ಮಾತ್ರ ಏನೂ ಆಗದವರಂತೆ ಬಂದು ಕೂತರು. ಆ ರಾತ್ರಿ ಗಂಡ, ಅಮ್ಮನ ಜೊತೆ ಜಗಳವಾಯಿತೇ ಎಂದು ಮೆಲ್ಲನೆ ವಿಚಾರಿಸಿದ.

ನಾಲಗೆ ಸುಲಭಕ್ಕೆ ಬಗ್ಗಲಿಲ್ಲ. ಸೊಸೆ ಟ್ಯೂಬು ತೊಳೆಯುತ್ತ ಅಭ್ಯಾಸ ಮಾಡುತ್ತಿದ್ದಳು: ಬಾ ಅತ್ತೆ, ಕೂತ್ಕೋ ಅತ್ತೆ, ಆ ಕಿಟಕಿ ಮುಚ್ಚು ಅತ್ತೆ. ಕಿಟಕಿ ಮುಚ್ಚಲು ಎದ್ದ ಸೊನ್ನೆ ಸರ್ ಮತ್ತೆ ಕೂತರು. ಎರಡನೆಯ ವಾರ ಅವಳ ಬಾಯಿಂದ ‘ನೀನು ಬನ್ನಿ’ ಎಂಬ ಎರಡು ತಲೆಯ ಪ್ರಾಣಿ ಹೊರಬಂತು. ಮೂರನೆಯ ವಾರ ಅತ್ತೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಹೊರಟಾಗ ಸೊಸೆ ಯೋಚಿಸದೆಯೇ, “ಎಲ್ಲಿಗೆ ಹೊರಟೆ? ಜಾರಿ ಬಿದ್ರೆ ನಾನು ಎತ್ತಲ್ಲ ನೋಡು,” ಎಂದು ಗದರಿದಳು. ಗದರಿದ ಮೇಲೆ ಅವಳಿಗೇ ಗಾಬರಿಯಾಯಿತು. ಅತ್ತೆ ಹಿಂದೆ ಬಂದು ಚಪ್ಪಲಿ ಮೆಟ್ಟಿಕೊಂಡರು. ಅಂದು ಎರಡು ತುತ್ತು ಹೆಚ್ಚು ಉಂಡರು. ಸೊಸೆಗೆ ಈಗ ಅರ್ಥವಾಯಿತು.

ಐದನೆಯ ವಾರ ಮೊಂಡು ಕಾಂಡದ ಎರಡೂ ಎಲೆಗಳ ಕಂಕುಳಲ್ಲಿ ಹಸಿರು ಇಣುಕಿತು. ಬೂಷ್ಟಿಲ್ಲ. ಸೊಸೆ ಎರಡನ್ನೂ ಬಿಡಿಸಿ ಬೇರೆ ಬೇರೆ ಸಾಕಿದಳು. ಸೊನ್ನೆ ಸರ್ ಮೂರು ಸಲ ಪರೀಕ್ಷಿಸಿ, ಮೂರು ಸಲವೂ ಸೊನ್ನೆ ಬಂದಾಗ, ಮೊದಲ ಬಾರಿಗೆ ಒಂದು ಅಂಕಿಗೆ ನಕ್ಕರು. ಗಿಡಗಳು ಬೇರು ಬಿಟ್ಟು, ಟ್ಯೂಬು ಬಿಟ್ಟು, ಕುಂಡಕ್ಕೆ ಬಂದವು. ಎಲೆ ಅಂಗೈ ಅಗಲವಾಯಿತು. ಆರು ತಿಂಗಳಾಗಿತ್ತು.

ತನ್ನ ಗಿಡವನ್ನು ತಾನೇ ತರುತ್ತೇನೆ ಎಂದು ಅತ್ತೆ ಹಟ ಹಿಡಿದು ಬಂದರು. ಸೊಸೆ ಅವರನ್ನು ಸಸ್ಯಾಗಾರದ ಗಾಜಿನ ಮನೆಯಲ್ಲಿ ಮರದ ಬೆಂಚಿನ ಮೇಲೆ ಕೂರಿಸಿ ಚೀಲ ತರಲು ಹೋದಳು. ಚೀಟಿಗಳ ಚಿಂತೆ ಅವಳಿಗೆ ಹೊಳೆದದ್ದು ಚೀಲ ಕೈಗೆ ಸಿಕ್ಕ ಮೇಲೆ. ಓಡಿ ಬಂದಾಗ ಅತ್ತೆ ಕನ್ನಡಕ ಹಾಕಿಕೊಂಡು ಸಾಲಾಗಿ ಓದುತ್ತಿದ್ದರು. ‘ಹಳದಿ ಕುಡಿ ಮೂರು.’ ‘ಹಳದಿ ಕುಡಿ ಒಂಬತ್ತು.’ ‘ಮುಳ್ಳಿಲ್ಲದ್ದು ಕುಡಿ ಹತ್ತು.’ ಕೊನೆಯ ಎರಡು ಕುಂಡಗಳ ಮುಂದೆ ಬೆರಳು ನಿಂತಿತ್ತು. ‘ಅತ್ತೆ ಕುಡಿ ಏಳು, ಎಡ.’ ‘ಅತ್ತೆ ಕುಡಿ ಏಳು, ಬಲ.’

ಅತ್ತೆ ಎರಡೂ ಚೀಟಿಗಳನ್ನು ಮತ್ತೊಮ್ಮೆ ಓದಿದರು.

“ಹಾಗಾದ್ರೆ ನಾನು ಅವತ್ತು ಕುಡಿದದ್ದು ಕುಡೀನ?” ಎಂದರು ಕೊನೆಗೆ.

ಸೊಸೆ ತಲೆಯಾಡಿಸಿದಳು.

“ತವರನ್ನೇ ಚಿವುಟಿ ತಿಂದೆ.”

“ತಿಂದದ್ದಕ್ಕೇ ಎರಡಾಯ್ತು. ಇಲ್ದಿದ್ರೆ ಒಂದೇ ಇರ್ತಿತ್ತು.”

ಅತ್ತೆಯ ತುಟಿ ನಗಲು ಹೋಗಿ ನಿಂತಿತು. ಅವರಿಗೆ ಬೇಕಾದ ಉತ್ತರ ಅದಲ್ಲ ಎಂದು ಸೊಸೆಗೆ ಗೊತ್ತಿತ್ತು.

“ಅಂದ್ರೆ ನನಗೆ ಬರೆದದ್ದಲ್ಲ ಅದು,” ಎಂದರು ಅತ್ತೆ. ಮಡಿಲಲ್ಲಿ ಎರಡೂ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದರು, ಬೂದಿ ಆರುವವರೆಗೂ ಮೆಟ್ಟಿಲ ಮೇಲೆ ಕೂತಿದ್ದ ಹಾಗೆಯೇ.

ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂತು. ಸೊಸೆ ಅದನ್ನು ನುಂಗಿದಳು.

“ಅಲ್ಲ. ಗಿಡಕ್ಕೆ ಬರೆದದ್ದು.”

“ಮತ್ತೆ ಆರು ತಿಂಗಳಿಂದ ನೀನು, ಬಾ, ಹೋಗು ಅಂತಿದೀಯಲ್ಲ? ಅದು?”

“ಮೊದಲ ಎರಡು ವಾರ ಸುಳ್ಳು. ಆಮೇಲೆ ಯಾವಾಗ ನಿಜ ಆಯ್ತೋ ನನಗೇ ಗೊತ್ತಾಗ್ಲಿಲ್ಲ.”

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಗಾಜು ಶುಭ್ರವಾದ ಮೇಲೂ ಒರೆಸುತ್ತಲೇ ಇದ್ದರು. ಗಾಜಿನ ಮನೆಯೊಳಗೆ ಸೆಕೆಯಿತ್ತು. ಸೊಸೆ ಚೀಲದಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಮುಂದೆ ಹಿಡಿದಳು. ಈ ಸಲ ಚೀಟಿ ಇರಲಿಲ್ಲ.

“ಅತ್ತೆ,” ಎಂದಳು. “ಕುಡಿ.”

ಅತ್ತೆ ಬಾಟಲಿ ನೋಡಿದರು, ಅವಳ ಮುಖ ನೋಡಿದರು. ಕುಡಿದರು, ಒಂದು ಹನಿ ಬಿಡದೆ.

“ಏಳು.”

ಅತ್ತೆ ಎದ್ದಳು. ಎಡದ ಕುಂಡ ತಾನು ಹಿಡಿದಳು, ಬಲದ್ದನ್ನು ಸೊಸೆಯ ಕೈಗೆ ಕೊಟ್ಟಳು, ಹುಷಾರು, ಬೀಳಿಸಿದರೆ ಬೈತೀನಿ ಎಂದಳು. ಇಬ್ಬರೂ ಬಸ್ಸು ಹಿಡಿದು ಮನೆಗೆ ಹೋದರು.